ಎಡಗೈ ಸೇನಾಪತಿ

ನಾನು ಕಾಶಮ್ಮ ಕೋಂ ಲೇಟ್ ಕೆಂಚಯ್ಯ, ಸುಮಾರು ಮೂವತ್ತಾರು ವರ್ಷ, ಆದಿ ಕರ್ನಾಟಕ ಜನಾಂಗ, ಈರುಳ್ಳಿ ಮಂಡಿಯಲ್ಲಿ ಗಡ್ಡೆ ಆಯುವ ಕೂಲಿ ಕೆಲಸ, ವಾಸ ರೈಲ್ವೆ ಗೇಟಿನಾಚೆಯ ಹರಿಜನ ಕಾಲೋನಿ, ಅಜ್ಜಂಪುರ, ತರೀಕೆರೆ ತಾಲ್ಲೂಕು. ಈ ದಿನ ತಾರೀಖು 19-11-1983ರ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನಾಗಿಯೇ ಠಾಣೆಗೆ ಬಂದು, ಯಾರೂ ಹೇಳಿಕೊಡದೆ, ನನ್ನ ಬಾಯಿಂದಲೇ ಬರೆಸುತ್ತಿರುವುದೇನೆಂದರೆ:

ಈ ಠಾಣೆಯ ಲಾಕಪ್ಪಿನಲ್ಲಿ ನಿನ್ನೆ ಸಂಜೆಯಿಂದ ಇರುವ ಗಿರಿಯಪ್ಪ ನನ್ನ ಒಡಹುಟ್ಟಿದ ತಮ್ಮ. ವಯಸ್ಸು ಇಪ್ಪತ್ತಾರು, ಅದೇ ಮಂಡಿಯಲ್ಲಿ ಹಮಾಲಿ. ಮೊನ್ನೆ ಗುರುವಾರ ಮೊದಲನೇ ಆಟದಲ್ಲಿ ಅವನು ಕುಡುಗೋಲಿನಿಂದ ಸಿನಿಮಾ ಟೆಂಟಿನ ಪರದೆ ಸೀಳಿದನೆಂದೂ, ಜನರನ್ನು ಎತ್ತಿಕಟ್ಟಿ ಗಲಾಟೆ ಮಾಡಿಸಿದನೆಂದೂ ಟೆಂಟಿನ ಮಾಲೀಕರಾದ ಕಲ್ಲೇಶಪ್ಪನವರು ದೂರು ಕೊಟ್ಟಿದ್ದಾರೆ. ಇದರಲ್ಲಿ ಕುಡುಗೋಲಿನ ಮಾತು ಶುದ್ಧ ಸುಳ್ಳು. ಜನ ಎದ್ದದ್ದು ನಿಜ. ಯಾಕೆ ಎದ್ದರು ಎಂಬುದನ್ನು ಬಿಟ್ಟು ಬರೆದರೆ ಎದ್ದವರೆಲ್ಲ ಪುಂಡರಂತೆ ಕಾಣುತ್ತಾರೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಗುರುವಾರದ್ದು ಮಾತ್ರ ಹೇಳು ಎಂದರೆ ಆಗುವುದಿಲ್ಲ ಎಂದು ಬರೆದುಕೊಳ್ಳುತ್ತಿರುವ ದಫೇದಾರರಿಗೆ ತಿಳಿಸಿದ್ದೇನೆ. ಅವರು ಆಗಲಿ ಎಂದಿದ್ದಾರೆ.

ಸದರಿ ಟೆಂಟು ರೈಲ್ವೆ ಗೇಟಿನಿಂದ ಒಂದು ಫರ್ಲಾಂಗು ದೂರದಲ್ಲಿದೆ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಹಾಕಿ, ಮುಂಗಾರು ಬೀಳುವ ಹೊತ್ತಿಗೆ ಬಿಚ್ಚುತ್ತಾರೆ. ಹೀಗೆ ಹನ್ನೆರಡು ವರ್ಷದಿಂದ ನಡೆದಿದೆ. ಒಳಗೆ ಮಿಷನ್ ಕೋಣೆಯ ಹತ್ತಿರ ಕುರ್ಚಿ, ಅದರ ಮುಂದೆ ಬೆಂಚು, ಅದರ ಮುಂದೆ ನೆಲ. ನೆಲದಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಮಣ್ಣಿನ ಬದು. ಪರದೆ ಎಂದರೆ ಬಿಳಿ ಬಟ್ಟೆಯ ಪಟ್ಟೆಗಳನ್ನು ಸೇರಿಸಿ ಹೊಲಿದದ್ದು. ಅದರ ಕೆಳ ಅಂಚಿಗೆ ಬಿದಿರಿನ ಗಳ ಕಟ್ಟಿದ್ದು, ಗಳ ನೆಲದಿಂದ ಎರಡು ಅಡಿ ಮೇಲಿರುತ್ತದೆ. ಪರದೆಗೂ ಟೆಂಟಿನ ಕೊನೆಯ ಗೋಣಿತಾಟಿಗೂ ನಡುವೆ ಹದಿನೈದು ಅಡಿ ಜಾಗ ಇದೆ. ಲೌಡ್‌ಸ್ಪೀಕರ್ ಪೆಟ್ಟಿಗೆ ಇಡುವುದು ಅಲ್ಲಿ. ನಾವು ಕಾಲೋನಿಯವರು ಕೂರುವುದೂ ಅಲ್ಲಿ. ಎಲ್ಲರ ಹಾಗೆ ನೆಲದ ಟಿಕೆಟ್ಟನ್ನೇ ಕೊಳ್ಳುತ್ತೇವೆ. ಗೇಟಿನಲ್ಲಿ ಟಿಕೆಟ್ ಹರಿಯುವ ಷಣ್ಮುಖಪ್ಪ ನಮ್ಮ ಮುಖ ನೋಡಿ ಹಿಂದಕ್ಕೆ ಎನ್ನುತ್ತಾರೆ. ನಾವು ಚರಂಡಿ ಬಳಸಿಕೊಂಡು ಹೋಗಿ, ಹಿಂದಿನ ತಾಟು ಎತ್ತಿ ಒಳಗೆ ತೂರುತ್ತೇವೆ. ಇದನ್ನು ಯಾವ ಬೋರ್ಡಿನಲ್ಲೂ ಬರೆದಿಲ್ಲ. ಬರೆಯುವ ಅಗತ್ಯ ಬಿದ್ದಿಲ್ಲ.

ಹನ್ನೆರಡು ವರ್ಷ ನಿಮಗೇನೂ ಅನ್ನಿಸಲಿಲ್ಲವೇ ಎಂದು ದಫೇದಾರರು ಈಗ ಕೇಳಿದರು. ಅನ್ನಿಸಿತ್ತು. ಹೋಟೆಲಿನಲ್ಲಿ ನಮ್ಮ ಲೋಟ ಬೇರೆ ಇದ್ದ ಹಾಗೆ ಇದೂ ಒಂದು ಎಂದು ಅನ್ನಿಸಿತ್ತು. ಮೊದಲನೇ ವರ್ಷ ನಮ್ಮ ಹಿರಿಯರು ಕೇಳಿದ್ದಕ್ಕೆ, ಪೆಟ್ಟಿಗೆ ಅಲ್ಲೇ ಇದೆ, ನಿಮಗೇ ಎಲ್ಲರಿಗಿಂತ ಚೆನ್ನಾಗಿ ಕೇಳುತ್ತದೆ ಎಂದು ಕಲ್ಲೇಶಪ್ಪನವರು ಹೇಳಿದ್ದರಂತೆ. ಬೀರೂರಿನಿಂದ ನೆಂಟರು ಬಂದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಫಿರಂಗಿ ಹಾರಿದರೆ ನಮ್ಮ ಎದೆ ಗುಡುಗುಟ್ಟುತ್ತಿತ್ತು, ಕುದುರೆ ಓಡಿದರೆ ಕೂತ ನೆಲ ನಡುಗುತ್ತಿತ್ತು. ಬೆಂಚಿನವರಿಗೆ ಆ ಸುಖ ಇಲ್ಲ ಎಂದು ನಾವು ನಿಜವಾಗಿಯೂ ನಂಬಿದ್ದೆವು.

ಇನ್ನೊಂದು ಸಂಗತಿ ನಮಗೆ ಗೊತ್ತಿರಲಿಲ್ಲ. ಬಟ್ಟೆಯ ಈ ಕಡೆ ಕಾಣುವುದೇ ಆ ಕಡೆಯೂ ಕಾಣುತ್ತದೆ ಎಂದುಕೊಂಡಿದ್ದೆವು. ಚಿತ್ರದ ಮೊದಲಿಗೆ ಬರುವ ಹೆಸರುಗಳನ್ನು ಕಾಲೋನಿಯ ಸ್ಕೂಲಿಗೆ ಹೋಗುವ ಮಕ್ಕಳು ಓದಲಾಗದೆ, ಇವು ನಮ್ಮ ಪುಸ್ತಕದ ಅಕ್ಷರವಲ್ಲ ಎಂದಿದ್ದರು. ಹಾಗಾದರೆ ತೆಲುಗು ಇರಬೇಕು ಎಂದುಕೊಂಡೆವು. ಮಾತು ಕನ್ನಡ, ಅಕ್ಷರ ಮಾತ್ರ ತೆಲುಗು ಯಾಕೆ ಎಂದು ಯಾರೂ ಕೇಳಲಿಲ್ಲ. ಸಿನಿಮಾದ ಗಂಡಸರೆಲ್ಲ ಕತ್ತಿ ಹಿಡಿಯುವುದು ಎಡಗೈಯಲ್ಲಿ, ತಾಳಿ ಕಟ್ಟಿದ ಮೇಲೆ ಊಟಕ್ಕೆ ಕೂತರೆ ಉಣ್ಣುವುದೂ ಎಡಗೈಯಲ್ಲಿ. ಅರಮನೆಯವರ ರೂಢಿ ಹಾಗಿದ್ದೀತು ಎಂದುಕೊಂಡೆವು.

ನನ್ನ ತಮ್ಮ ಗಿರಿಯಪ್ಪ ಹುಟ್ಟಾ ಎಡಚ. ಮೂಟೆಗೆ ಕೊಕ್ಕೆ ಹಾಕುವುದೂ ಎಡಗೈಯಲ್ಲೇ. ಚಿಕ್ಕವನಿದ್ದಾಗ ನಮ್ಮವ್ವ ಅವನ ಎಡಗೈಗೆ ಸೌಟಿನಿಂದ ಬಡಿಯುತ್ತಿದ್ದಳು, ಬಟ್ಟೆ ಸುತ್ತಿ ಸೊಂಟಕ್ಕೆ ಕಟ್ಟುತ್ತಿದ್ದಳು. ಮದುವೆ ಮನೆಯ ಪಂಕ್ತಿಯಲ್ಲಿ ಅವನು ಕೂರುತ್ತಿರಲಿಲ್ಲ, ಆಮೇಲೆ ಒಬ್ಬನೇ ಉಣ್ಣುತ್ತಿದ್ದ. ಟೆಂಟು ಬಂದಾಗ ಅವನಿಗೆ ಹದಿನಾಲ್ಕು ವರ್ಷ. ಎರಡು ಯುದ್ಧದ ಚಿತ್ರ ನೋಡಿ ಬಂದವನೇ, ಅಷ್ಟು ದೊಡ್ಡ ದೊರೆಗಳೇ ಎಡಗೈಯವರು, ನನಗೇನು ಹೊಡೀತೀಯ ಎಂದು ಅವ್ವನಿಗೆ ಕೇಳಿದ. ಅವ್ವ ನಂಬಲಿಲ್ಲ. ಮುಂದಿನ ಆಟಕ್ಕೆ ತಾನೂ ಬಂದು ಪೆಟ್ಟಿಗೆಯ ಪಕ್ಕ ಕೂತು ನೋಡಿದಳು. ಆ ದಿನದಿಂದ ಅವಳು ಅವನ ಕೈ ಮುಟ್ಟಲಿಲ್ಲ. ಯಾರಾದರೂ ಎಡಚ ಎಂದು ಆಡಿಕೊಂಡರೆ ಜಗಳಕ್ಕೆ ಹೋಗುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಈ ವಿಷಯ ಕೇಸಿಗೆ ಬೇಕಿಲ್ಲ ಎಂದು ದಫೇದಾರರು ಹೇಳಿದರು. ಬೇಕು ಎಂದು ಬರೆಸಿದ್ದೇನೆ.

ಈ ವಾರ ಟೆಂಟಿಗೆ ಬಂದದ್ದು ಒಂದು ಯುದ್ಧದ ಚಿತ್ರ. ಅದರಲ್ಲಿ ಕಪ್ಪು ಕಲ್ಲಿನ ಕೋಟೆ, ಅದರೊಳಗೆ ಒಬ್ಬ ರಾಕ್ಷಸ ರಾಜ. ಕೋಟೆಯಾಚೆ ಹುಟ್ಟಿದವನು ಕೋಟೆಯೊಳಗೆ ಕಾಲಿಡಕೂಡದು ಎಂಬುದು ಅವನ ಆಜ್ಞೆ. ಬಾಗಿಲು ಕಾಯುವವನ ಮಗನೊಬ್ಬ ಸೇನಾಪತಿಯಾಗಿ, ಬೆಂಕಿ ಉಗುಳುವ ಕತ್ತಿ ಸಂಪಾದಿಸಿ, ಹಾರುವ ಕುದುರೆಯ ಮೇಲೆ ಕಂದಕ ದಾಟಿ, ಆ ಬಾಗಿಲು ಮುರಿಯುತ್ತಾನೆ. ನಾನು ಬುಧವಾರ ನೋಡಿದ್ದೆ. ಗಿರಿಯಪ್ಪ ಅಷ್ಟರಲ್ಲಿ ಮೂರು ಸಲ ನೋಡಿದ್ದ.

ಗುರುವಾರ ಮಧ್ಯಾಹ್ನ ಮಂಡಿಯಲ್ಲಿ ಬುತ್ತಿ ಉಂಡು ಕೂತಿದ್ದಾಗ ಆ ಸಿನಿಮಾದ ಮಾತು ಬಂತು. ಗಿರಿಯಪ್ಪ ಒಂದು ಬಿದಿರು ಕೋಲು ತೆಗೆದುಕೊಂಡು ಮೂಟೆಯ ಮೇಲೆ ಹತ್ತಿ, ಸೇನಾಪತಿ ಆನೆಯ ಮೇಲಿನ ರಾಜನಿಗೆ ಹೊಡೆಯುವುದನ್ನು ಮಾಡಿ ತೋರಿಸಿದ. ಚೆನ್ನಾಗಿ ಮಾಡುತ್ತಿದ್ದ. ಕುದುರೆಯಾಗಿಯೂ ಅವನೇ ಕೆನೆಯುತ್ತಿದ್ದ. ಊರಿನ ಹಮಾಲಿಗಳೂ ಬೀಡಿ ಹಚ್ಚಿಕೊಂಡು ನೋಡುತ್ತಿದ್ದರು. ಆಗ ಮಂಡಿಯಲ್ಲಿ ತೂಕದ ಗುಮಾಸ್ತರಾಗಿರುವ ಜಯದೇವಪ್ಪನವರು ಹೇಳಿದ್ದು: “ಲೇ ಗಿರ್ಯಾ, ನೀನು ಎಡಚ ಅಂತ ಸೇನಾಪತಿನೂ ಎಡಚ ಮಾಡ್ಬಿಟ್ಟಲ್ಲೋ. ಅವ್ನು ಕತ್ತಿ ಹಿಡ್ದಿದ್ದು ಬಲಗೈಲಿ ಕಣೋ.”

ಗಿರಿಯಪ್ಪ ಇಲ್ಲ, ಎಡಗೈ ಎಂದ. ನಾನೂ ಎಡಗೈ ಎಂದೆ. ಅಲ್ಲಿದ್ದ ನಮ್ಮ ಕಾಲೋನಿಯ ಕೂಲಿಗಳೆಲ್ಲ ಎಡಗೈ ಎಂದರು. ಊರಿನವರೆಲ್ಲ ಬಲಗೈ ಎಂದರು. ದೇವರಾಣೆ ಇಟ್ಟರು, ಮಕ್ಕಳಾಣೆ ಇಟ್ಟರು. ಒಬ್ಬರೂ ಆ ಕಡೆಯಿಂದ ಈ ಕಡೆಗೆ ಬರಲಿಲ್ಲ. ನಮಗೆ ಆಶ್ಚರ್ಯವಾಯಿತು. ಆಮೇಲೆ ಜಯದೇವಪ್ಪನವರು ನನ್ನನ್ನು, ನೀವೆಲ್ಲ ಟೆಂಟಿನಲ್ಲಿ ಎಲ್ಲಿ ಕೂರುತ್ತೀರಿ ಎಂದು ಕೇಳಿದರು. ಯಾವಾಗಲೂ ಕೂರುವ ಜಾಗದಲ್ಲಿ ಎಂದೆ. ಅವರು ತಕ್ಕಡಿಯ ಕಂಬ ಹಿಡಿದುಕೊಂಡು ನಕ್ಕರು. ಊರಿನ ಹಮಾಲಿಗಳಿಗೂ ಅರ್ಥವಾಗಿ ಅವರೂ ನಕ್ಕರು. ನಮಗೆ ಯಾರೂ ಹೇಳಲಿಲ್ಲ. ನಗುವುದು ಮುಗಿದ ಮೇಲೆ ಜಯದೇವಪ್ಪನವರು, ಸಾಯಂಕಾಲ ಬಾ, ನನ್ನ ಪಕ್ಕ ಕೂರಿಸಿಕೊಂಡು ತೋರಿಸುತ್ತೇನೆ ಎಂದು ಗಿರಿಯಪ್ಪನಿಗೆ ಹೇಳಿದರು.

ಅದೇ ದಿನ ಸಂಜೆ ಆರೂವರೆಗೆ ನಾವು ಟೆಂಟಿಗೆ ಹೋದೆವು. ನಾನು ಎಂದಿನ ಹಾಗೆ ಚರಂಡಿ ಬಳಸಿ ಹೋದೆ. ಗಿರಿಯಪ್ಪ ಗೇಟಿನಲ್ಲಿ ನಿಂತ. ಷಣ್ಮುಖಪ್ಪ ಅವನಿಗೆ ಹಿಂದಕ್ಕೆ ಎಂದರಂತೆ. ಜಯದೇವಪ್ಪನವರು, ಒಂದು ದಿನ ಬಿಡಪ್ಪ, ಪಂತ ಇದೆ, ತಮಾಷೆ ನೋಡುವಂತೆ ಎಂದು ಹೇಳಿ ಅವನನ್ನು ಒಳಗೆ ಕರೆದುಕೊಂಡು ಹೋಗಿ ನೆಲದ ಅಂಚಿನಲ್ಲಿ ಕೂರಿಸಿದರಂತೆ. ಇಷ್ಟನ್ನು ಗಿರಿಯಪ್ಪ ನನಗೆ ಆಮೇಲೆ ಹೇಳಿದ್ದು. ಇಲ್ಲಿಂದ ಮುಂದಿನದು ನಾನೇ ಕಂಡದ್ದು.

ಆ ಟೆಂಟಿನಲ್ಲಿ ಇರುವುದು ಒಂದೇ ಮಿಷನ್. ಒಂದು ರೀಲು ಮುಗಿದರೆ ಇನ್ನೊಂದು ಏರಿಸುವವರೆಗೆ ದೀಪ ಹಾಕುತ್ತಾರೆ. ಎರಡನೇ ರೀಲು ಮುಗಿದು ದೀಪ ಹತ್ತಿದಾಗ ಗಿರಿಯಪ್ಪ ಗಳದ ಕೆಳಗೆ ಬಗ್ಗಿ ನಮ್ಮ ಕಡೆಗೆ ಬಂದ. ಆಗ ಅಲ್ಲಿ ನಾವು ನಲವತ್ತು ಜನ ಇದ್ದೆವು. ಅವನು ಕೂಗಾಡಲಿಲ್ಲ. ಕುಡಿದಿರಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತು ಹೇಳಿದ: “ಅಕ್ಕಾ, ಅವ್ನು ಬಲಗೈಯವ್ನು ಕಣಕ್ಕಾ. ಎಲ್ಲಾರೂ ಬಲಗೈಯವ್ರೇ. ಅಕ್ಷರಾನೂ ಕನ್ನಡದ್ದೇ, ನಾನು ಓದ್ದೆ. ಇಷ್ಟು ವರ್ಷ ನಮ್ಗೆ ತಿರುವುಮುರುವು ತೋರ್ಸವ್ರೆ.”

ಅವನು ಮೂರನೇ ಕ್ಲಾಸಿನವರೆಗೆ ಓದಿದ್ದಾನೆ. ನನ್ನ ಪಕ್ಕದ ಮನೆಯ ಮುದುಕಿಯೊಬ್ಬಳು, ಹಾಗಾದರೆ ನಾವು ನೋಡಿದ್ದು ಯಾವುದು ಎಂದು ಕೇಳಿದಳು. ಗಿರಿಯಪ್ಪ, ನಮ್ಮ ಟಿಕೆಟ್ಟೂ ನೆಲದ ಟಿಕೆಟ್ಟೇ, ಆ ಕಡೆ ಜಾಗ ಬೇಕಾದಷ್ಟು ಖಾಲಿ ಇದೆ, ಬನ್ನಿ ಎಂದ. ಅವನು ಎತ್ತಿಕಟ್ಟಿದ್ದು ಎಂದರೆ ಇಷ್ಟೇ. ಕಳೆದ ವರ್ಷ ಕಡೂರಿನಲ್ಲಿ ನಮ್ಮ ಜನರ ಸಂಘದವರು ನಡೆಸಿದ ಸಭೆಗೆ ನಾನು ಹೋಗಿದ್ದೆ. ಟಿಕೆಟ್ ಕೊಟ್ಟು ಕೂರುವ ಜಾಗದಲ್ಲಿ ಜಾತಿ ನೋಡಿ ಬೇರೆ ಕೂರಿಸಿದರೆ ಅದು ಅಪರಾಧ, ಅದಕ್ಕೆ ಕಾಯ್ದೆ ಇದೆ ಎಂದು ಅಲ್ಲಿ ಹೇಳಿದ್ದರು. ಅದನ್ನು ಕೇಳಿ ಚಪ್ಪಾಳೆ ತಟ್ಟಿ ಬಂದು, ಮತ್ತೆ ಅಲ್ಲೇ ಕೂರುತ್ತಿದ್ದೆ. ಆ ಹೊತ್ತು ಮೊದಲು ಎದ್ದವಳು ನಾನು. ಗಿರಿಯಪ್ಪ ಅಲ್ಲ. ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕು.

ಅಷ್ಟರಲ್ಲಿ ದೀಪ ಆರಿ ಮೂರನೇ ರೀಲು ಶುರುವಾಗಿತ್ತು. ನಾನು ಗಳದ ಕೆಳಗೆ ಬಗ್ಗಿ ಆ ಕಡೆ ಎದ್ದು ನಿಂತೆ. ಮಿಷನ್ನಿನ ಬೆಳಕು ನೇರ ಕಣ್ಣಿಗೆ ಬಿತ್ತು. ತಲೆ ತಗ್ಗಿಸಿದಾಗ ನನ್ನ ಸೀರೆಯ ಮೇಲೆ, ತೋಳಿನ ಮೇಲೆ ಕುದುರೆಗಳು ಓಡುತ್ತಿದ್ದವು. ನನ್ನ ಹಿಂದೆಯೇ ಹೆಂಗಸರು, ಮಕ್ಕಳನ್ನು ಎತ್ತಿಕೊಂಡವರು, ಒಬ್ಬೊಬ್ಬರಾಗಿ ಬಂದರು. ಅವರ ಮೈಮೇಲೂ ಸೈನ್ಯ ಹರಿಯುತ್ತಿತ್ತು. ನಾವು ಯಾರನ್ನೂ ತಳ್ಳಲಿಲ್ಲ. ಖಾಲಿ ಇದ್ದ ಕಡೆ ಕೂರಲು ಹೋದೆವು. ನೆಲದಲ್ಲಿದ್ದ ಜನ ಕೂಗಿಕೊಂಡರು. ಮೊದಲು ಚಿತ್ರಕ್ಕೆ ಅಡ್ಡ ಬಂತು ಎಂದು ಕೂಗಿದರು. ನಾವು ಯಾರೆಂದು ಗೊತ್ತಾದ ಮೇಲೆ ಬೇರೆ ಥರ ಕೂಗಿದರು. ಆ ಮಾತುಗಳನ್ನು ಬರೆಸಲು ನನಗೆ ನಾಚಿಕೆ ಇಲ್ಲ, ಆದರೆ ಎಲ್ಲರಿಗೂ ಗೊತ್ತಿರುವ ಮಾತುಗಳೇ. ಇದೇ ಜನ ಬುಧವಾರದ ಆಟದಲ್ಲಿ ಬಾಗಿಲು ಕಾಯುವವನ ಮಗ ಕೋಟೆ ಬಾಗಿಲು ಮುರಿದಾಗ ಶಿಳ್ಳೆ ಹೊಡೆದು ಕುಣಿದದ್ದನ್ನು ನಾನು ಪರದೆಯಾಚೆಯಿಂದ ಕೇಳಿದ್ದೇನೆ. ನಾವು ಮುರಿಯಲು ಅಲ್ಲಿ ಬಾಗಿಲೂ ಇರಲಿಲ್ಲ. ಎರಡು ಅಡಿ ಸಂದಿ ಇತ್ತು, ಬಗ್ಗಿಯೇ ಬಂದೆವು.

ಷಣ್ಮುಖಪ್ಪ ಮತ್ತು ಟೆಂಟಿನ ಇನ್ನೊಬ್ಬ ಆಳು ಓಡಿ ಬಂದು, ಉಳಿದವರು ಬರದ ಹಾಗೆ ಗಳವನ್ನು ನೆಲಕ್ಕೆ ಒತ್ತಿ ಹಿಡಿದರು. ಮೇಲೆ ಹೇಳಿದ ಮುದುಕಿ ಆಗ ಅರ್ಧ ಈ ಕಡೆ, ಅರ್ಧ ಆ ಕಡೆ ಇದ್ದಳು. ಗಳ ಅವಳ ಬೆನ್ನಿನ ಮೇಲೆ ಕೂತಿತು. ಅವಳು ಕಿರುಚಿದಳು. ಗಿರಿಯಪ್ಪ ಗಳಕ್ಕೆ ಕೈ ಹಾಕಿ ಮೇಲಕ್ಕೆ ಎತ್ತಿದ. ಅವರಿಬ್ಬರೂ ಅದರ ಮೇಲೆ ಜೋತುಬಿದ್ದರು. ಆ ಎಳೆದಾಟದಲ್ಲಿ ಪರದೆ ಹೊಲಿಗೆಯ ಗೀಟಿನಲ್ಲೇ ಬಿಟ್ಟುಕೊಂಡು, ಕೆಳಗಿನಿಂದ ಒಂದು ಆಳೆತ್ತರದವರೆಗೆ ಹರಿಯಿತು. ನನ್ನ ತಮ್ಮ ಎತ್ತಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಅವರು ಒತ್ತಿದ್ದೂ ನಿಜ. ಅವನ ಎರಡೂ ಕೈ ಗಳದ ಮೇಲಿದ್ದವು. ಕುಡುಗೋಲು ಹಿಡಿಯಲು ಅವನಿಗೆ ಮೂರನೇ ಕೈ ಇಲ್ಲ. ಪರದೆಯ ಬಟ್ಟೆಯನ್ನು ಠಾಣೆಗೆ ತರಿಸಿ ನೋಡಿದರೆ ಹೊಲಿಗೆ ಬಿಟ್ಟಿದೆಯೋ ಬಟ್ಟೆ ಕೊಯ್ದಿದೆಯೋ ಯಾರಿಗಾದರೂ ಕಾಣುತ್ತದೆ. ಹೊಸದಾಗಿ ಹೊಲಿಸುವ ಮೊದಲು ತರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಆಮೇಲೆ ಬೆಂಚಿನ ಕಡೆಯಿಂದ ಬಂದ ಕೆಲವರು ಬಿದಿರು ಕೋಲಿನಿಂದ ನಮ್ಮನ್ನು ಹೊಡೆದರು. ನನ್ನ ಬಲ ಮುಂಗೈ ಊದಿಕೊಂಡಿದೆ, ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ತೋರಿಸಿದ್ದೇನೆ. ಮುದುಕಿ ಈಗಲೂ ಹಾಸಿಗೆಯಲ್ಲೇ ಇದ್ದಾಳೆ. ಮಿಷನ್ ಓಡಿಸುವ ಫಕ್ರುದ್ದೀನ್ ಸಾಬರು ಚಿತ್ರ ನಿಲ್ಲಿಸಿ ದೀಪ ಹಾಕಿ, ಮಕ್ಕಳಿದ್ದಾರೆ ಹೊಡೆಯಬೇಡಿ ಎಂದು ಕೂಗುತ್ತಾ ಇಳಿದು ಬಂದದ್ದರಿಂದ ಅಷ್ಟಕ್ಕೆ ನಿಂತಿತು. ನಾವು ಎಂಟು ಗಂಟೆಯ ಒಳಗೆ ಕಾಲೋನಿ ಸೇರಿದೆವು. ಜಯದೇವಪ್ಪನವರನ್ನು ನಿನ್ನೆ ಮಂಡಿಯಲ್ಲಿ ಕಂಡು, ಗಿರಿಯಪ್ಪನನ್ನು ಒಳಗೆ ಕರೆದವರು ನೀವು, ಕಂಡದ್ದನ್ನು ಹೇಳಿ ಎಂದು ಕೇಳಿದೆ. ಅವರು, ನಾನು ತಮಾಷೆಗೆ ಹೋದದ್ದು, ಗಲಾಟೆ ಶುರುವಾದಾಗ ಕಡಲೆಕಾಯಿ ತರಲು ಹೊರಗೆ ಬಂದಿದ್ದೆ ಎಂದರು. ಅವರು ಹೊರಗೆ ಹೋಗಿರಲಿಲ್ಲ.

ಈ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಠಾಣೆಯ ಎದುರಿನ ಹುಣಸೆ ಮರದ ಹತ್ತಿರ ಕಲ್ಲೇಶಪ್ಪನವರೇ ನನ್ನನ್ನು ಕರೆದು ಮಾತನಾಡಿದರು. ಬೈಯಲಿಲ್ಲ. ಮಧ್ಯಾಹ್ನ ನಿನ್ನ ತಮ್ಮನನ್ನು ತರೀಕೆರೆಗೆ ಕರೆದುಕೊಂಡು ಹೋಗಿ ಕೋರ್ಟಿಗೆ ನಿಲ್ಲಿಸುತ್ತಾರೆ, ಆಮೇಲೆ ನನ್ನ ಕೈಯಲ್ಲೂ ಇರುವುದಿಲ್ಲ ಎಂದರು. ಅವರು ಹೇಳಿದ್ದು ಹೀಗೆ: “ನೋಡು ಕಾಶಮ್ಮ, ಕತ್ಲೇಲಿ ಯಾರೋ ಎಳುದ್ರು, ಹರೀತು ಅಂತ ಬರ್ಸು. ನಾನೂ ನನ್ನ ಅರ್ಜಿ ವಾಪಸ್ ತಗೊಂತೀನಿ. ನಿಮ್ ಜಾಗ ನಿಮಗೆ ಇದ್ದೇ ಐತೆ, ಚಾಪೆನೂ ಹಾಕ್ಸಿಕೊಡ್ತೀನಿ.” ನಮ್ಮ ಜಾಗ ಯಾವುದು ಎಂದು ಕೇಳಿದೆ. ಅವರು, ಊರು ಎಂದರೆ ಹೊಂದಿಕೊಂಡು ಹೋಗಬೇಕು ಎಂದರು. ಒಪ್ಪದಿದ್ದರೆ ಆ ಹದಿನೈದು ಅಡಿಗೂ ಬಿದಿರಿನ ತಡಿಕೆ ಬಡಿಸಿ ಮುಚ್ಚಿಸುತ್ತೇನೆ, ಅಲ್ಲೂ ಇಲ್ಲ ಇಲ್ಲೂ ಇಲ್ಲ ಎಂದರು.

ನಾನು ಯೋಚನೆ ಮಾಡಿದೆ. ಮಾಡಲಿಲ್ಲ ಎಂದರೆ ಸುಳ್ಳು. ಒಂದು ಮಾತು ಬರೆಸಿದರೆ ಮಧ್ಯಾಹ್ನದ ಊಟಕ್ಕೆ ತಮ್ಮ ಮನೆಯಲ್ಲಿರುತ್ತಾನೆ. ಅವನ ಹೆಂಡತಿ ಆರು ತಿಂಗಳ ಬಸುರಿ. ಆ ಮರದಡಿ ಫಕ್ರುದ್ದೀನ್ ಸಾಬರೂ ಬಂದಿದ್ದರು, ಮಾಲೀಕರು ಅವರನ್ನು ಕರೆಸಿದ್ದರು. ಮಾಲೀಕರು ಬೀಡಿ ಅಂಗಡಿಯ ಕಡೆಗೆ ಹೋದಾಗ, ಮಿಷನ್ ಕೋಣೆಯ ಕಿಂಡಿಯಿಂದ ಎಲ್ಲ ಕಾಣಿಸಿತಲ್ಲ ಸಾಬರೇ, ನಿಮ್ಮ ಹೆಸರು ಬರೆಸಲೇ ಎಂದು ಕೇಳಿದೆ. ಕೆಲಸ ಹೋಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. “ಬರ್ಸಮ್ಮಾ” ಎಂದರು. ಅದಕ್ಕೇ ಬರೆಸಿದ್ದೇನೆ. ಅವರನ್ನೂ ವಿಚಾರಿಸಬೇಕು.

ಒಳಗೆ ಬಂದು, ಸಾಹೇಬರ ಅಪ್ಪಣೆ ಪಡೆದು ಲಾಕಪ್ಪಿನ ಸರಳಿನ ಹತ್ತಿರ ನಿಂತು ಗಿರಿಯಪ್ಪನಿಗೆ ಕಲ್ಲೇಶಪ್ಪನವರ ಮಾತನ್ನು ಇದ್ದ ಹಾಗೇ ಹೇಳಿದೆ. ಏನು ಮಾಡಲಿ ಎಂದು ಕೇಳಿದೆ. ಅವನು ಕೋರ್ಟಿನ ಮಾತನ್ನಾಗಲಿ, ಹೆಂಡತಿಯ ಮಾತನ್ನಾಗಲಿ ಎತ್ತಲಿಲ್ಲ. “ಅವ್ವ ಸಾಯೋವರ್ಗೂ ನಂಬಿದ್ಲಲ್ಲಕ್ಕಾ” ಎಂದ. ಆಮೇಲೆ ಅವನೇ, “ನೀನು ಕಂಡಿದ್ದು ಬರ್ಸು. ತರೀಕೆರೆ ಏನ್ ದೂರ” ಎಂದ.

ಆದುದರಿಂದ ನನ್ನ ತಮ್ಮನ ಮೇಲಿನ ಕುಡುಗೋಲಿನ ಆರೋಪ ಸುಳ್ಳೆಂದು ತಿಳಿಸಿ, ನಮ್ಮನ್ನು ಹೊಡೆದವರ ಮೇಲೂ, ನೆಲದ ಟಿಕೆಟ್ ಮಾರಿ ನಮ್ಮನ್ನು ನೆಲದಲ್ಲಿ ಕೂರಿಸದೆ ಇದ್ದವರ ಮೇಲೂ ಕಾನೂನಿನ ಪ್ರಕಾರ ಕ್ರಮ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಸಿನಿಮಾ ಇಲ್ಲದೆ ನಾವು ಬದುಕುತ್ತೇವೆ. ಆದರೆ ತಡಿಕೆ ಬಡಿಸುವುದಾದರೆ ಅದಕ್ಕೆ ಮೊದಲು ಅಲ್ಲಿ ಯಾರು ಕೂರುತ್ತಿದ್ದರು ಎಂಬುದು ಸರ್ಕಾರದ ಕಾಗದದಲ್ಲಿ ಇರಬೇಕು.

ಇಷ್ಟನ್ನೂ ಬರೆದಾದ ಮೇಲೆ ದಫೇದಾರರು ನನಗೆ ಓದಿ ಹೇಳಿದರು. ನನಗೆ ಸಹಿ ಹಾಕಲು ಬರುತ್ತದೆ, ಓದಲು ಬರುವುದಿಲ್ಲ, ಆದ್ದರಿಂದ ಎರಡು ಸಲ ಓದಿಸಿದೆ. ಒಂದು ಕಡೆ, ಕಾಲೋನಿಯವರು ಪರದೆಯ ಹತ್ತಿರ ಕೂತಿದ್ದರು ಎಂದಿತ್ತು. ಹತ್ತಿರ ಅಲ್ಲ, ಹಿಂದೆ ಎಂದೆ. ಎರಡೂ ಒಂದೇ ಅಲ್ಲವೇನಮ್ಮ, ಹಾಳೆ ಗಲೀಜಾಗುತ್ತದೆ ಎಂದರು. ಗಲೀಜಾದರೂ ಆಗಲಿ ಎಂದೆ. ಅವರು ಸಾಹೇಬರ ಮುಖ ನೋಡಿದರು. ಸಾಹೇಬರು ತಿದ್ದಿ ಎಂದರು. 'ಹತ್ತಿರ' ಎಂಬುದನ್ನು ಹೊಡೆದುಹಾಕಿ 'ಹಿಂದೆ' ಎಂದು ಬರೆದು, ಅದರ ಪಕ್ಕದಲ್ಲಿ ನನ್ನ ಸಹಿ 'ಕಾಶಮ್ಮ' ಹಾಕಿಸಿಕೊಂಡಿದ್ದಾರೆ. ಈಗ ಇದು ನಾನು ಕಂಡ ಹಾಗೂ ಹೇಳಿದ ಹಾಗೇ ಇದೆ, ಸತ್ಯವಾಗಿದೆ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಅಜ್ಜಂಪುರ
ತಾರೀಖು: 19-11-1983
ಸಹಿ: ಕಾಶಮ್ಮ